ಐವತ್ತಾರು ನಿಮಿಷದ ರಾಹುಕಾಲ

ಶ್ರೀಹರ್ಷನಿಗೆ ಗೊತ್ತಿಲ್ಲದ ವಿಷಯವೇ ಇರಲಿಲ್ಲ, ಪಾಪ. ಬಾಯ್ಲರ್ ರಿಪೇರಿಗೆ ಬಂದವನಿಗೆ ಬಾಯ್ಲರ್ ಬಗ್ಗೆ ಪಾಠ ಹೇಳುತ್ತಿದ್ದ. ಬ್ಯೂಮಾಂಟ್ ಆಸ್ಪತ್ರೆಯಲ್ಲಿ ಹನ್ನೊಂದು ವರ್ಷದಿಂದ ನರ್ಸ್ ಆಗಿರುವ ಹೆಂಡತಿ ಸಾವಿತ್ರಿಗೆ ಜ್ವರ ಬಂದರೆ ಪ್ಯಾರಸಿಟಮಾಲ್ ಎಷ್ಟು ಹೊತ್ತಿಗೊಂದು ನುಂಗಬೇಕೆಂದು ಹೇಳಿಕೊಡುತ್ತಿದ್ದ. ಮೈಸೂರಿನ ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಗಣಿತ ಕಲಿಸಿ ನಿವೃತ್ತರಾದ ತಾಯಿ ತುಂಗಮ್ಮ ಮೂರು ತಿಂಗಳ ವೀಸಾದಲ್ಲಿ ಡಬ್ಲಿನ್‌ಗೆ ಬಂದಿಳಿದ ದಿನವೇ ಅವರಿಗೆ ಚಕ್ರಬಡ್ಡಿಯ ಸೂತ್ರ ವಿವರಿಸಿದ್ದ. ಇಂಥವನ ಹತ್ತಿರ ವಾದ ಮಾಡುವುದೂ ಒಂದೇ, ಗೋಡೆಗೆ ತಲೆ ಚಚ್ಚಿಕೊಳ್ಳುವುದೂ ಒಂದೇ. ಸಾವಿತ್ರಿ ಎರಡನ್ನೂ ಬಿಟ್ಟು ಬಹಳ ವರ್ಷಗಳಾಗಿದ್ದವು.

ಆದರೆ ಮನೆಯ ವಿಷಯದಲ್ಲಿ ಬಿಡುವ ಹಾಗಿರಲಿಲ್ಲ. ಸ್ಯಾಂಟ್ರಿ ಬಡಾವಣೆಯಲ್ಲಿ ಅವರಿದ್ದ ಬಾಡಿಗೆ ಫ್ಲ್ಯಾಟನ್ನು ಮಾಲೀಕ ಮಾರಲು ಹೊರಟಿದ್ದ. ಆಗಸ್ಟ್ ಕೊನೆಗೆ ಖಾಲಿ ಮಾಡಿ ಅಂತ ನೋಟಿಸು ಬಂದಿತ್ತು. ಬಾಡಿಗೆಗೆ ಇನ್ನೊಂದು ಹುಡುಕೋಣವೆಂದರೆ ಈಗ ಕೊಡುತ್ತಿದ್ದುದಕ್ಕಿಂತ ಎಂಟುನೂರು ಯೂರೋ ಹೆಚ್ಚು, ಅದಕ್ಕೂ ಅರವತ್ತು ಜನರ ಸಾಲು. ಕೊಂಡುಕೊಳ್ಳೋಣವೆಂದು ಹನ್ನೆರಡು ಮನೆಗಳಿಗೆ ಬಿಡ್ ಹಾಕಿ ಹನ್ನೆರಡರಲ್ಲೂ ಸೋತಿದ್ದರು. ಹದಿಮೂರನೆಯದು ಒಲಿಯಿತು. ಮೂರು ಬೆಡ್‌ರೂಮಿನ ಹಳೇ ಮನೆ, ಅಡುಗೆಮನೆಯಲ್ಲಿ ಕಂದು ಬಣ್ಣದ ಟೈಲ್ಸು, ನೋಡಲು ಅಷ್ಟೇನೂ ಚೆಂದವಿಲ್ಲ. ಆದರೆ ಆಸ್ಪತ್ರೆಗೆ ಹನ್ನೆರಡು ನಿಮಿಷದ ನಡಿಗೆ, ಮಗಳು ತನ್ವಿಯ ಶಾಲೆ ಬದಲಿಸಬೇಕಾಗಿಲ್ಲ. ಸಾವಿತ್ರಿಗೆ ಇನ್ನೇನು ಬೇಕು?

ಬೆಲೆ ನಾಲ್ಕು ಲಕ್ಷದ ಇಪ್ಪತ್ತು ಸಾವಿರ ಯೂರೋ. ಬ್ಯಾಂಕು ಸಾಲಕ್ಕೆ ಒಪ್ಪಿತ್ತು. ಕರಾರಿಗೆ ಇವರ ಸಹಿಯೂ ಆಗಿತ್ತು. ಇನ್ನು ಉಳಿದಿದ್ದು ಶೇಕಡಾ ಹತ್ತು, ಅಂದರೆ ನಲವತ್ತೆರಡು ಸಾವಿರ. ಅದು ಶುಕ್ರವಾರ ಮಧ್ಯಾಹ್ನ ಒಂದು ಗಂಟೆಯೊಳಗೆ ಅವರ ವಕೀಲೆ ಫಿಯೋನಾಳ ಖಾತೆಗೆ ಬಂದು ಬೀಳಬೇಕಿತ್ತು. ಆಗಲೇ ಎರಡು ಸಲ ಗಡುವು ಮುಂದಕ್ಕೆ ಹಾಕಿಸಿದ್ದರು. ಮೂರನೇ ಸಲ ಆಗುವುದಿಲ್ಲ, ಒಂದು ಗಂಟೆ ದಾಟಿದರೆ ಮನೆ ಮುಂದಿನ ಗಿರಾಕಿಗೆ ಅಂತ ಮಾರುವವರು ಕಡ್ಡಿ ಮುರಿದ ಹಾಗೆ ಹೇಳಿದ್ದರು.

ನಲವತ್ತೆರಡು ಸಾವಿರ ಇತ್ತು. ಹನ್ನೊಂದು ವರ್ಷ ಕೂಡಿಟ್ಟ ದುಡ್ಡು, ಅದರಲ್ಲಿ ಅರ್ಧ ಸಾವಿತ್ರಿಯ ನೈಟ್ ಡ್ಯೂಟಿಯದು. ಎಲ್ಲರ ದುಡ್ಡಿನ ಹಾಗೆ ಅದು ಬ್ಯಾಂಕಿನಲ್ಲಿ ಇರಬೇಕಿತ್ತು. ಆದರೆ ಬ್ಯಾಂಕು ದಡ್ಡರಿಗೆ, ಅಲ್ಲವೇ? ಶ್ರೀಹರ್ಷ ಅದನ್ನು ಡಿಸೆಂಟ್ರಲೈಸ್ಡ್ ಎಕ್ಸ್‌ಚೇಂಜ್ ಎಂಬ ಕ್ರಿಪ್ಟೋ ಸಂತೆಯ ಪೂಲಿನಲ್ಲಿ ಇಟ್ಟಿದ್ದ.

ಈ ಪೂಲು ಅಂದರೇನು ಅಂತ ಅವನು ಸಾವಿತ್ರಿಗೆ ಊಟದ ತಟ್ಟೆ ಮುಂದಿಟ್ಟುಕೊಂಡು ನಲವತ್ತು ಸಲವಾದರೂ ಹೇಳಿದ್ದ. ನಾವು ಎರಡು ತರದ ನಾಣ್ಯ ಒಂದು ಪೆಟ್ಟಿಗೆಗೆ ಹಾಕಿಡುವುದು. ಒಂದು ಯೂರೋಗೆ ಸಮನಾದ ಡಿಜಿಟಲ್ ನಾಣ್ಯ, ಇನ್ನೊಂದು ದಿನಾ ಬೆಲೆ ಏರಿಳಿಯುವ ಈಥರ್ ಎಂಬ ಕ್ರಿಪ್ಟೋ. ಯಾರು ಬೇಕಾದರೂ ಬಂದು ಒಂದು ಕೊಟ್ಟು ಇನ್ನೊಂದು ಒಯ್ಯಬಹುದು, ಒಯ್ಯುವಾಗ ಚೂರು ಕಮಿಷನ್ ಬಿಟ್ಟು ಹೋಗಬೇಕು. ಅಂಗಡಿಯಲ್ಲಿ ಆಳಿಲ್ಲ, ಯಜಮಾನನಿಲ್ಲ. ಸ್ಮಾರ್ಟ್ ಕಾಂಟ್ರ್ಯಾಕ್ಟ್ ಎಂಬ ಪ್ರೋಗ್ರಾಮು ಗಲ್ಲಾದ ಮೇಲೆ ಕೂತಿರುತ್ತದೆ. ನಾವು ಈಥರ್ ಬೆಲೆಗೆ ಮೇಲೊಂದು ಕೆಳಗೊಂದು ಗೆರೆ ಎಳೆಯಬೇಕು. ಬೆಲೆ ಆ ಎರಡು ಗೆರೆಯ ನಡುವೆ ಇರುವ ತನಕ ವ್ಯಾಪಾರ, ಕಮಿಷನ್. ಕೆಳಗಿನ ಗೆರೆ ದಾಟಿ ಇಳಿಯಿತೋ, ಪೆಟ್ಟಿಗೆಯಲ್ಲಿದ್ದ ಯೂರೋ ಎಲ್ಲ ಖಾಲಿಯಾಗಿ ಬೆಲೆ ಬಿದ್ದ ಈಥರ್ ಮಾತ್ರ ಉಳಿದಿರುತ್ತದೆ, ಶಟರ್ ಬಂದ್.

"ಅಂದ್ರೆ ಮೆಜೆಸ್ಟಿಕ್ಕಲ್ಲಿ ಚಿಲ್ರೆ ಕೊಡೋ ಅಂಗಡಿ," ಅಂದಿದ್ದಳು ಸಾವಿತ್ರಿ.

"ನಿಂಗೆ ಅರ್ಥ ಆಗಲ್ಲ ಬಿಡು," ಅಂದಿದ್ದ. ಅರ್ಥವಾಗಿದ್ದರಿಂದಲೇ ಅವಳಿಗೆ ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು.

ಇಷ್ಟೇ ಆಗಿದ್ದರೆ ಊರಲ್ಲಿರುವ ನೂರು ಮೂರ್ಖರಲ್ಲಿ ಅವನೂ ಒಬ್ಬ ಅಂದುಕೊಳ್ಳಬಹುದಿತ್ತು. ಆದರೆ ಶ್ರೀಹರ್ಷ ಬರೀ ಮೂರ್ಖನಾಗಲು ಒಪ್ಪುವವನಲ್ಲ, ಸಂಶೋಧಕನೂ ಆಗಬೇಕು. ಹೋದ ವರ್ಷ ಎರಡು ಸಲ ನಷ್ಟವಾಯಿತು. ಎರಡೂ ಸಲ ತಾನು ಗೆರೆ ಬದಲಾಯಿಸಿದ್ದು ರಾಹುಕಾಲದಲ್ಲಿ ಅಂತ ಕಂಡುಹಿಡಿದ. ತನ್ನ ತಪ್ಪಿಗೆ ರಾಹುವನ್ನು ಹೊಣೆ ಮಾಡಿದ ಮೇಲೆ ಸುಮ್ಮನಿರುತ್ತಾನೆಯೇ? ಮೂರು ವರ್ಷದ ಬೆಲೆಗಳನ್ನು ಕಂಪ್ಯೂಟರಿಗೆ ತುರುಕಿ, ರಾಹುಕಾಲದ ವ್ಯಾಪಾರದಲ್ಲಿ ನೂರಕ್ಕೆ ನಲವತ್ತು ಪೈಸೆ ಜಾಸ್ತಿ ನಷ್ಟ ಅಂತ ಗ್ರಾಫು ತೆಗೆದ. ಡಿಸೆಂಬರಿನ ಕ್ರಿಸ್‌ಮಸ್ ರಜೆಯಲ್ಲಿ, ಹೆಂಡತಿ ಆಸ್ಪತ್ರೆಯಲ್ಲಿ ವಾರ್ಡು ತಿರುಗುತ್ತಿದ್ದಾಗ, ಮನೆಯಲ್ಲಿ ಕಾಲು ಚಾಚಿ ಕೂತು ತನ್ನದೇ ಒಂದು ಕಾಂಟ್ರ್ಯಾಕ್ಟ್ ಬರೆದ. ದುಡ್ಡು ಪೂಲಿಗೆ ಹೋಗುವುದೂ ವಾಪಸ್ ಬರುವುದೂ ಅದರ ಮೂಲಕವೇ. ರಾಹುಕಾಲ ನಡೆಯುತ್ತಿದ್ದರೆ ಅದು ಹಾಕಲೂ ಬಿಡದು, ತೆಗೆಯಲೂ ಬಿಡದು. ತೆರೆಯ ಮೇಲೆ ಅಚ್ಚಗನ್ನಡದಲ್ಲಿ 'ಶುಭ ಸಮಯಕ್ಕಾಗಿ ಕಾಯಿರಿ' ಎಂದು ಬರುತ್ತದೆ. ಕನ್ನಡಾಭಿಮಾನ ನೋಡಿ!

ರಾಹುಕಾಲದ ಲೆಕ್ಕವನ್ನು ಊರಿನ ಕ್ಯಾಲೆಂಡರಿನಿಂದ ಕದಿಯಲಿಲ್ಲ ಎನ್ನುವುದು ಅವನ ದೊಡ್ಡ ಹೆಮ್ಮೆ. ಸೂರ್ಯ ಹುಟ್ಟಿದಾಗಿನಿಂದ ಮುಳುಗುವ ತನಕ ಎಂಟು ಪಾಲು ಮಾಡಿ, ಅದರಲ್ಲಿ ಸೋಮವಾರಕ್ಕೊಂದು ಶುಕ್ರವಾರಕ್ಕೊಂದು ಅಂತ ಆ ದಿನದ ಪಾಲನ್ನು ಆರಿಸುವುದು ಶಾಸ್ತ್ರ. ಡಬ್ಲಿನ್ ಸೂರ್ಯನನ್ನೇ ಹಿಡಿದು ಅವನು ಕೋಡ್ ಮಾಡಿದ. ಡಿಸೆಂಬರಿನಲ್ಲಿ ಇಲ್ಲಿ ಸೂರ್ಯ ಎಂಟೂವರೆಯ ಮೇಲೆ ಮುಖ ತೋರಿಸಿ ನಾಲ್ಕಕ್ಕೆ ಗಂಟುಮೂಟೆ ಕಟ್ಟುತ್ತಾನೆ. ಶುಕ್ರವಾರದ ರಾಹುಕಾಲ ಹನ್ನೊಂದು ಇಪ್ಪತ್ತಾರಕ್ಕೆ ಶುರುವಾಗಿ ಹನ್ನೆರಡು ಇಪ್ಪತ್ತೆರಡಕ್ಕೆ ಮುಗಿಯಿತು. ಊರಿನಲ್ಲಿ ಒಂದೂವರೆ ಗಂಟೆ, ಇಲ್ಲಿ ಬರೀ ಐವತ್ತಾರು ನಿಮಿಷ!

ಜನವರಿಯಲ್ಲಿ ಸಂಕ್ರಾಂತಿ ಕಾರ್ಯಕ್ರಮಕ್ಕೆ ಡಬ್ಲಿನ್ನಿನ ಕನ್ನಡಿಗರು ಒಂದು ಹಾಲ್ ಹಿಡಿದು ಸೇರಿದ್ದರು. ಎಳ್ಳುಬೆಲ್ಲ ಹಂಚುವುದಕ್ಕೂ ಬಿಸಿಬೇಳೆಬಾತ್ ಬಡಿಸುವುದಕ್ಕೂ ನಡುವೆ ಶ್ರೀಹರ್ಷ ಸ್ಲೈಡು ಹಾಕಿದ. "ಐರ್ಲೆಂಡಲ್ಲಿ ರಾಹು ಕೂಡ ಪಾರ್ಟ್ ಟೈಮ್ ಕಣ್ರೀ!" ಅಂದ. ಜನ ನಕ್ಕರು, ಹಸಿದವರು ಏನು ಹೇಳಿದರೂ ಬೇಗ ನಗುತ್ತಾರೆ. ಆ ನಗು ಅವನ ತಲೆಗೇರಿತು. ಎಲ್ಲರೂ ನಂಬಿ ದುಡ್ಡು ಹಾಕಲಿ ಅಂತ, ಅಲ್ಲೇ ವೇದಿಕೆಯ ಮೇಲೆ ಒಂದು ಬಟನ್ ಒತ್ತಿ ಕಾಂಟ್ರ್ಯಾಕ್ಟಿನ ಯಜಮಾನಿಕೆಯನ್ನೇ ಬಿಟ್ಟುಕೊಟ್ಟ. ಇನ್ನು ಮುಂದೆ ಅದರ ಒಂದು ಅಕ್ಷರವನ್ನೂ ಯಾರೂ ತಿದ್ದಲಾಗದು. "ನಾನೇ ಬಂದು ಕಾಲಿಗೆ ಬಿದ್ರೂ ಇದು ಬಗ್ಗಲ್ಲ!" ಅಂತ ಎದೆ ತಟ್ಟಿಕೊಂಡ. ಚಪ್ಪಾಳೆ ಬಿತ್ತು. ಬಾತ್ ಖಾಲಿಯಾಯಿತು. ಒಬ್ಬನೇ ಒಬ್ಬ ಒಂದು ಸೆಂಟ್ ಕೂಡ ಹಾಕಲಿಲ್ಲ. ಅವರೆಲ್ಲ ಅಷ್ಟು ಓದಿಕೊಂಡವರಾಗಿರಲಿಲ್ಲ ಅಂತ ಕಾಣುತ್ತದೆ.

ಹೀಗೆ ಆ ಕಾಂಟ್ರ್ಯಾಕ್ಟಿನ ಹೊಟ್ಟೆಯಲ್ಲಿ ಇದ್ದದ್ದು ಒಂದೇ ಮನೆಯ ದುಡ್ಡು.

ಜೂನ್ ತಿಂಗಳ ಆ ಶುಕ್ರವಾರ ಸಾವಿತ್ರಿ ನೈಟ್ ಡ್ಯೂಟಿ ಮುಗಿಸಿ ಬಂದಾಗ ಬೆಳಿಗ್ಗೆ ಎಂಟೂವರೆ. ತನ್ವಿ ಶಾಲೆಗೆ ಹೊರಟಿದ್ದಳು. ತುಂಗಮ್ಮ ಉಪ್ಪಿಟ್ಟು ಮಾಡುತ್ತಿದ್ದರು. ಶ್ರೀಹರ್ಷ ಡೈನಿಂಗ್ ಟೇಬಲ್ಲಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕಾಲು ಅಲ್ಲಾಡಿಸುತ್ತಿದ್ದ. ಅವನು ಕಾಲು ಅಲ್ಲಾಡಿಸಿದರೆ ಏನೋ ಎಡವಟ್ಟಾಗಿದೆ ಅಂತಲೇ ಲೆಕ್ಕ.

"ದುಡ್ಡು ಕಳಿಸಿದ್ರಾ?" ಅಂದಳು, ಕೋಟು ಕೂಡ ಬಿಚ್ಚದೆ.

"ಕಳಿಸ್ತೀನಿ. ಈಗ ಬೆಲೆ ರೇಂಜಿನ ಕೆಳಗಿನ ಗೆರೆಗಿಂತ ಚೂರು ಇಳಿದಿದೆ."

"ಎಷ್ಟು ಚೂರು?"

"ಈಗ ತೆಗೆದ್ರೆ ನಲವತ್ತು ಸಾವಿರದ ಮುನ್ನೂರು ಬರುತ್ತೆ."

ನಿನ್ನೆ ಸಂಜೆ ನಲವತ್ತೆರಡೂವರೆ ಇತ್ತು. ಆಗಲೇ ತೆಗೆಯಿರಿ ಅಂತ ಅವಳು ಡ್ಯೂಟಿಗೆ ಹೋಗುವ ಮುಂಚೆ ಮೂರು ಸಲ ಹೇಳಿದ್ದಳು. ಒಂದು ರಾತ್ರಿಯ ಕಮಿಷನ್ ಯಾಕೆ ಬಿಡಬೇಕು ಅಂತ ಇವನು ಉಳಿಸಿಕೊಂಡಿದ್ದ. ಎಷ್ಟು ಬಂದಿರಬಹುದು ಆ ಕಮಿಷನ್? ಹದಿನಾಲ್ಕು ಯೂರೋ. ಥೂ!

"ಸಾವಿರದ ಏಳ್ನೂರು ತಾನೇ ಕಮ್ಮಿ? ನನ್ನ ಸ್ಯಾಲರಿ ಅಕೌಂಟಲ್ಲಿ ಎರಡು ಸಾವಿರ ಇದೆ, ಅದನ್ನ ಸೇರಿಸಿ ಕಳಿಸಿಬಿಡೋಣ. ತೆಗೀರಿ ಈಗ್ಲೇ."

"ಸಾವಿತ್ರಿ, ಈಗ ತೆಗೆದ್ರೆ ನಷ್ಟ ಪರ್ಮನೆಂಟ್ ಆಗುತ್ತೆ. ಬೆಲೆ ವಾಪಸ್ ಬಂದೇ ಬರುತ್ತೆ. ಸ್ವಲ್ಪ ಬೇಸಿಕ್ಸ್ ತಿಳ್ಕೋ."

"ನಂಗೆ ಬೇಸಿಕ್ಸ್ ಬೇಡ ರೀ, ಮನೆ ಬೇಕು."

"ಹರ್ಷ, ಅವಳು ಹೇಳ್ತಿರೋದು ಸರಿ ಕಣೋ," ಅಂದರು ತುಂಗಮ್ಮ ಒಲೆಯ ಕಡೆಯಿಂದ.

"ಅಮ್ಮಾ, ನೀನು ಸುಮ್ನಿರು, ಇದು ನಿಂಗೆ ಗೊತ್ತಾಗಲ್ಲ."

ಮೂವತ್ತೆರಡು ವರ್ಷ ಗಣಿತ ಕಲಿಸಿದ ಹೆಂಗಸು ಸುಮ್ಮನೆ ಉಪ್ಪಿಟ್ಟು ತಿರುವಿದರು. ಅಂಥ ಮಾತು ಕೇಳಿಯೂ ಕೈಯಲ್ಲಿದ್ದ ಸೌಟನ್ನು ಬೇರೆ ಯಾವುದಕ್ಕೂ ಬಳಸಲಿಲ್ಲವಲ್ಲ, ಅದು ಅವರ ದೊಡ್ಡತನ.

ಒಂಬತ್ತಾಯಿತು, ಹತ್ತಾಯಿತು. ಸಾವಿತ್ರಿ ನಿದ್ದೆಗೆಟ್ಟ ಕಣ್ಣು ಉಜ್ಜಿಕೊಂಡು ಕುರ್ಚಿಯಲ್ಲೇ ಕೂತಿದ್ದಳು. ಹತ್ತೂ ಮುಕ್ಕಾಲಿಗೆ ಫಿಯೋನಾ ಫೋನ್ ಮಾಡಿ, ಎಲ್ಲಾ ಗ್ರ್ಯಾಂಡ್ ತಾನೇ, ಅಂದರೆ ಸರಿಯಿದೆ ತಾನೇ, ದುಡ್ಡು ಇನ್ನೂ ಕಾಣುತ್ತಿಲ್ಲವಲ್ಲ ಅಂತ ಕೇಳಿದಳು. ಇನ್ನೊಂದು ಗಂಟೆಯಲ್ಲಿ ಬರುತ್ತೆ ಅಂದಳು ಸಾವಿತ್ರಿ. ಹನ್ನೊಂದು ದಾಟಿದ ಮೇಲೆ ಅವಳು ಕೈಮುಗಿದೇ ಕೇಳಿದಳು, "ದಮ್ಮಯ್ಯ ಅಂತೀನಿ, ತೆಗೆದುಬಿಡಿ." ಅವನು ತೆರೆಯಿಂದ ಕಣ್ಣು ಕೀಳದೆ, "ಏರ್ತಾ ಇದೆ, ಏರ್ತಾ ಇದೆ," ಅಂದ.

ಏರಿತು, ಅದೇನೂ ಸುಳ್ಳಲ್ಲ. ಹನ್ನೊಂದು ನಲವತ್ತಕ್ಕೆ ಬೆಲೆ ಗೆರೆಯೊಳಗೆ ಬಂತು. ನಲವತ್ತೆರಡು ಸಾವಿರದ ನೂರೆಂಬತ್ತು! ಶ್ರೀಹರ್ಷ ಕುರ್ಚಿಯಿಂದ ಎದ್ದು ಕೈ ತಟ್ಟಿದ. "ಏನು ಹೇಳಿದ್ದೆ ನಾನು? ಹೇಳಿದ್ನಾ ಇಲ್ವಾ?" ಸಾವಿತ್ರಿಗೆ ಅವನ ಮೇಲೆ ಒಂದು ಕ್ಷಣ ಪ್ರೀತಿಯೇ ಉಕ್ಕಿತು, ಅಷ್ಟು ಹೆದರಿದ್ದಳು ಅವಳು. ಅವನು ಕೂತು, ಬೆರಳು ಲಟಿಕೆ ಮುರಿದು, ಹಿಂತೆಗೆಯುವ ಬಟನ್ ಒತ್ತಿದ.

ಶುಭ ಸಮಯಕ್ಕಾಗಿ ಕಾಯಿರಿ.

"ಓ, ರಾಹುಕಾಲ," ಅಂದ, ಬಾಗಿಲಿಗೆ ಪೇಪರಿನವನು ಬಂದಷ್ಟು ಆರಾಮಾಗಿ. "ಶುಕ್ರವಾರ ಅಲ್ವಾ. ಹನ್ನೆರಡು ಇಪ್ಪತ್ತೆರಡಕ್ಕೆ ಮುಗಿಯುತ್ತೆ. ತೆಗೆದು, ಯೂರೋ ಮಾಡಿ, ಫಿಯೋನಾಗೆ ಹಾಕೋಕೆ ಇಪ್ಪತ್ತು ನಿಮಿಷ ಸಾಕು. ಒಂದು ಗಂಟೆಗೆ ಇನ್ನೂ ಹದಿನೆಂಟು ನಿಮಿಷ ಮಿಗುತ್ತೆ. ಉಪ್ಪಿಟ್ಟು ಕೊಡಮ್ಮ."

ಉಪ್ಪಿಟ್ಟು ತಿಂದ. ಎರಡನೇ ಸಲವೂ ಹಾಕಿಸಿಕೊಂಡ. ಸಾವಿತ್ರಿ ಫಿಯೋನಾಗೆ ಮೆಸೇಜ್ ಮಾಡಿ ಹನ್ನೆರಡೂ ಮುಕ್ಕಾಲಿಗೆ ಖಂಡಿತ ಅಂದಳು. ಹನ್ನೆರಡು ಇಪ್ಪತ್ತೆರಡಾಯಿತು. ಒತ್ತಿದ. ಶುಭ ಸಮಯಕ್ಕಾಗಿ ಕಾಯಿರಿ. ಇಪ್ಪತ್ಮೂರಕ್ಕೆ ಒತ್ತಿದ, ಇಪ್ಪತ್ನಾಲ್ಕಕ್ಕೆ ಒತ್ತಿದ, ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ ಒತ್ತಿದ. ಅದೇ ಅಚ್ಚಗನ್ನಡ. ಕಾಲು ಮತ್ತೆ ಅಲ್ಲಾಡತೊಡಗಿತು.

"ನೆಟ್‌ವರ್ಕ್ ಸ್ಲೋ ಇರ್ಬೇಕು," ಅಂದ.

ತುಂಗಮ್ಮ ಕೈ ಒರೆಸಿಕೊಂಡು ಬಂದು ಮಗನ ಹಿಂದೆ ನಿಂತರು. "ಇವತ್ತು ಸೂರ್ಯ ಎಷ್ಟೊತ್ತಿಗೆ ಹುಟ್ಟಿದ್ದು?"

"ಈಗ ಅದೆಲ್ಲ ಯಾಕಮ್ಮ?"

"ನಾನು ಹೇಳ್ತೀನಿ. ಐದಕ್ಕೆ ಕಿಟಕಿಯಲ್ಲಿ ಬೆಳಕು ಚುಚ್ಚುತ್ತೆ, ನಂಗೆ ನಿದ್ದೆ ಇಲ್ಲ. ಮುಳುಗೋದು ರಾತ್ರಿ ಹತ್ತಕ್ಕೆ. ಹದಿನೇಳು ಗಂಟೆ ಹಗಲು. ಎಂಟರಿಂದ ಭಾಗಿಸು."

ಅವನು ಕ್ಯಾಲ್ಕುಲೇಟರ್ ತೆರೆಯತೊಡಗಿದ. ಅವರೇ ಮುಂದುವರಿಸಿದರು. "ಒಂದು ಪಾಲು ಎರಡು ಗಂಟೆ ಏಳೂವರೆ ನಿಮಿಷ. ಶುಕ್ರವಾರ ನಾಲ್ಕನೇ ಪಾಲು. ಹನ್ನೊಂದು ಇಪ್ಪತ್ತರ ಸುಮಾರಿಗೆ ಶುರು, ಒಂದೂವರೆ ಹತ್ತಿರ ಮುಗಿಯುತ್ತೆ. ಚಳಿಗಾಲದಲ್ಲಿ ಪಾರ್ಟ್ ಟೈಮ್ ಮಾಡಿದೋನು ಬೇಸಿಗೇಲಿ ಓವರ್‌ಟೈಮ್ ಮಾಡಲ್ವೇನೋ?"

ಡಿಸೆಂಬರಿನಲ್ಲಿ ಬರೆದು, ಡಿಸೆಂಬರಿನಲ್ಲೇ ಪರೀಕ್ಷೆ ಮಾಡಿ, ಡಿಸೆಂಬರಿನ ಹೊತ್ತನ್ನೇ ಬಾಯಿಪಾಠ ಮಾಡಿಕೊಂಡಿದ್ದ ಮಹಾನುಭಾವ. ಕಾಂಟ್ರ್ಯಾಕ್ಟ್ ಮಾತ್ರ ದಿನಾ ಸೂರ್ಯನನ್ನು ನೋಡುತ್ತಲೇ ಇತ್ತು. ಅವನು ಹೇಳಿಕೊಟ್ಟಿದ್ದನ್ನು ಒಂದಕ್ಷರ ತಪ್ಪದೆ ಪಾಲಿಸುತ್ತಿತ್ತು. ಅವನ ಜೀವನದಲ್ಲಿ ಅವನ ಮಾತನ್ನು ಅಷ್ಟು ನಿಷ್ಠೆಯಿಂದ ಕೇಳಿದ್ದು ಅದೊಂದೇ.

"ಬೈಪಾಸ್ ಮಾಡಿ," ಅಂದಳು ಸಾವಿತ್ರಿ. "ನೀವೇ ಬರೆದಿದ್ದಲ್ವಾ? ಆ ಸಾಲು ಕಿತ್ತುಹಾಕಿ."

"ಆಗಲ್ಲ."

"ಯಾಕಾಗಲ್ಲ?"

"ಓನರ್‌ಶಿಪ್ ಬಿಟ್ಟಿದೀನಲ್ಲ. ಸಂಕ್ರಾಂತಿ ದಿನ."

"ಒಂದೇ ಒಂದು ಮಾತು ಹೇಳ್ತೀನಿ ಕೇಳು ಹರ್ಷ," ಅಂದರು ತುಂಗಮ್ಮ. "ರಾಹುಕಾಲದಲ್ಲಿ ಹೊಸ ಕೆಲಸ ಶುರು ಮಾಡಬಾರದು ಅಂತಾರೆ, ಅಷ್ಟೇ. ಮೊದಲೇ ಶುರು ಮಾಡಿದ್ದನ್ನ ಮುಗಿಸೋಕೆ, ಇಟ್ಟ ದುಡ್ಡು ವಾಪಸ್ ತಗೊಳ್ಳೋಕೆ ಯಾವ ರಾಹುನೂ ಅಡ್ಡ ಬರಲ್ಲ. ನಿಮ್ಮಪ್ಪ ಮೈಸೂರಲ್ಲಿ ಸೈಟ್ ರಿಜಿಸ್ಟ್ರೇಷನ್ ಮಾಡಿಸಿದ್ದು ಶುಕ್ರವಾರ ಹನ್ನೊಂದಕ್ಕೆ, ಅಪ್ಪಟ ರಾಹುಕಾಲ. ಸಾಹೇಬ್ರು ಆವಾಗ್ಲೇ ಬಂದಿದ್ರು, ಏನ್ಮಾಡೋದು? ಬಾಯಿಗೆ ಎರಡು ಕಾಳು ಸಕ್ಕರೆ ಹಾಕ್ಕೊಂಡು ಸೈನ್ ಮಾಡಿದ್ರು. ನಿನ್ನ ಯಂತ್ರಕ್ಕೆ ಸಕ್ಕರೆ ಹಾಕೋ ಬಾಯಿ ಎಲ್ಲಿದೆ ತೋರ್ಸು."

ಯಂತ್ರಕ್ಕೆ ಬಾಯಿ ಇರಲಿಲ್ಲ. ಇದ್ದ ಬಾಯೆಲ್ಲ ಶ್ರೀಹರ್ಷನಿಗಿತ್ತು.

ಸಾವಿತ್ರಿ ಫಿಯೋನಾಗೆ ಫೋನ್ ಮಾಡಿದಳು. ಅರ್ಧ ಗಂಟೆ, ಬರೀ ಅರ್ಧ ಗಂಟೆ ಕೊಡಿಸಿ ಅಂತ ಗೋಗರೆದಳು. ಕಾರಣ ಏನು ಹೇಳಲಿ ಅಂತ ಫಿಯೋನಾ ಕೇಳಿದಳು. ಸಾವಿತ್ರಿ ಗಂಡನ ಮುಖ ನೋಡಿದಳು. ಸೂರ್ಯ ಲೇಟಾಗಿ ಮುಳುಗುತ್ತಾನೆ ಅಂತ ಹೇಳಲೇ? ಬ್ಯಾಂಕಿನಲ್ಲಿ ತೊಂದರೆ ಅಂದಳು. ಮೂವತ್ತೊಂಬತ್ತನೇ ವಯಸ್ಸಿನಲ್ಲಿ ಇಂಥವನ ಸಲುವಾಗಿ ಸುಳ್ಳು ಹೇಳಬೇಕಾಗಿ ಬಂದಿದ್ದಕ್ಕೆ ಮೈ ಉರಿಯಿತು. ಕೇಳಿ ನೋಡುತ್ತೇನೆ ಅಂದಳು ಫಿಯೋನಾ. ಒಂದು ಗಂಟೆ ಹತ್ತು ನಿಮಿಷಕ್ಕೆ ಅವಳದೇ ಫೋನು ಬಂತು. ಮಾರುವವರು ಒಪ್ಪಲಿಲ್ಲ. ಇನ್ನೊಬ್ಬ ಗಿರಾಕಿ ದುಡ್ಡು ಹಾಕಿ ಆಯಿತು, ಮನೆ ಅವರದಾಯಿತು. ಐಯಾಮ್ ಸೋ ಸಾರಿ ಸಾವಿತ್ರಿ, ಅಂದಳು, ನಿಜವಾಗಿ ನೊಂದುಕೊಂಡೇ.

ಸಾವಿತ್ರಿ ಫೋನ್ ಕೆಳಗಿಟ್ಟಳು. ಹದಿಮೂರು ಮನೆ ಸುತ್ತಿ, ಹದಿಮೂರು ಮನೆಯ ನಲ್ಲಿ ತಿರುಗಿಸಿ ನೋಡಿ, ಕೊನೆಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆಗಸ್ಟ್ ಕೊನೆಗೆ ಮಗುವನ್ನು ಕಟ್ಟಿಕೊಂಡು ಎಲ್ಲಿಗೆ ಹೋಗುವುದು?

ಒಂದು ಇಪ್ಪತ್ತೇಳಕ್ಕೆ ಶುಭ ಸಮಯ ಬಂತು. ಶ್ರೀಹರ್ಷ ಒತ್ತಿದ. ದುಡ್ಡೆಲ್ಲ ಬುಳಬುಳನೆ ಹೊರಗೆ ಬಂತು.

"ನೋಡು!" ಅಂದ. ಹೋದ ಜೀವ ಬಂದಂತಿತ್ತು ಅವನ ದನಿ. "ನಲವತ್ತೆರಡು ಸಾವಿರದ ಮುನ್ನೂರ ಹತ್ತು! ಒಂದು ಸೆಂಟೂ ಹೋಗಿಲ್ಲ ಸಾವಿತ್ರಿ. ಕಾಯ್ದಿದ್ದಕ್ಕೆ ನೂರ ಮೂವತ್ತು ಜಾಸ್ತೀನೇ ಬಂದಿದೆ. ಸಿಸ್ಟಮ್ ಪರ್ಫೆಕ್ಟಾಗಿ ಕೆಲ್ಸ ಮಾಡಿದೆ."

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಂತೆ. ಅವನು ಅಷ್ಟಕ್ಕೇ ನಿಲ್ಲಿಸಿದ್ದರೆ ಅವಳು ಏನು ಮಾಡುತ್ತಿದ್ದಳೋ ಗೊತ್ತಿಲ್ಲ. ನಿಲ್ಲಿಸಲಿಲ್ಲ.

"ಹೇಗೂ ಇನ್ನೊಂದು ಮನೆ ಸಿಗೋ ತನಕ ಸುಮ್ನೆ ಯಾಕಿಡೋದು? ಈಗ ಎಂಟ್ರಿಗೆ ಒಳ್ಳೇ ಬೆಲೆ ಇದೆ. ಈ ಸಲ ರೇಂಜ್ ಸ್ವಲ್ಪ ಅಗಲ ಮಾಡ್ತೀನಿ," ಅಂದು ಗೆರೆ ಎಳೆಯಲು ಶುರುಮಾಡಿದ.

ಸಾವಿತ್ರಿ ಎದ್ದು ಹೋಗಿ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡಳು. "ಅರ್ಧ ನಂದು. ನನ್ನ ಅಕೌಂಟಿಗೆ ಹಾಕಿ, ಈಗ, ನನ್ನ ಕಣ್ಣೆದುರಿಗೆ."

"ಅರ್ಧ ತೆಗೆದ್ರೆ ರಿಟರ್ನ್ ಕಮ್ಮಿ ಆಗುತ್ತೆ ಕಣೇ."

"ಹಾಕಿ ಅಂದೆ."

ಆ ದನಿಯನ್ನು ಅವನು ಮದುವೆಯಾಗಿ ಹದಿಮೂರು ವರ್ಷದಲ್ಲಿ ಕೇಳಿರಲಿಲ್ಲ. ವಾರ್ಡಿನಲ್ಲಿ ಕುಡಿದು ಗಲಾಟೆ ಮಾಡುವ ರೋಗಿಗಳು ಕೇಳಿದ್ದರು. ಹಾಕಿದ. ಇಪ್ಪತ್ತೊಂದು ಸಾವಿರದ ನೂರೈವತ್ತೈದು ಅವಳ ಫೋನಿನಲ್ಲಿ ಕಂಡ ಮೇಲೆ ಅವಳು ಲ್ಯಾಪ್‌ಟಾಪನ್ನು ವಾಪಸ್ ಅವನ ಕಡೆ ತಳ್ಳಿದಳು. ಅವನು ಉಳಿದ ಅರ್ಧಕ್ಕೆ ಹೊಸ ಗೆರೆಗಳನ್ನು ಎಳೆಯುತ್ತ ಕೂತ.

ಸಾವಿತ್ರಿ ಫಿಯೋನಾಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು. ತನ್ನ ಒಬ್ಬಳ ಸಂಬಳದ ಮೇಲೆ, ತನ್ನ ಒಬ್ಬಳ ಹೆಸರಿನಲ್ಲಿ ಮನೆ ತೆಗೆದುಕೊಳ್ಳಬಹುದೇ ಅಂತ ಕೇಳಿದಳು. ತೆಗೆದುಕೊಳ್ಳಬಹುದು, ಬ್ಯಾಂಕಿಗೆ ಹೊಸದಾಗಿ ಅರ್ಜಿ ಹಾಕಬೇಕು, ಸಾಲ ಕಮ್ಮಿ ಸಿಗುತ್ತದೆ, ಎರಡು ರೂಮಿನ ಫ್ಲ್ಯಾಟಿಗೆ ಸಾಕಾದೀತು ಅಂದಳು ಫಿಯೋನಾ. ಎರಡು ರೂಮು ಧಾರಾಳವಾಯಿತು ಅಂದಳು ಸಾವಿತ್ರಿ. ಹಾಗಾದರೆ ಈಗಿರುವ ಫೈಲಿನಿಂದ ಒಂದು ಹೆಸರು ತೆಗೆಯಬೇಕು, ಈಗಲೇ ತೆಗೆಯಲೇ, ಯೋಚನೆ ಮಾಡಿ ಸೋಮವಾರ ಹೇಳುತ್ತೀಯಾ, ಅಂತ ಫಿಯೋನಾ ಮೆಲ್ಲಗೆ ಕೇಳಿದಳು.

ಶ್ರೀಹರ್ಷ ಮೊದಲ ಸಲ ತೆರೆಯಿಂದ ತಲೆಯೆತ್ತಿದ. "ಯಾವ ಹೆಸರು?" ಅಂದ.

ಸಾವಿತ್ರಿ ಅತ್ತೆಯ ಕಡೆ ತಿರುಗಿದಳು. "ಅತ್ತೆ, ಹೊಸ ಕೆಲಸ ಶುರು ಮಾಡ್ತಿದೀನಿ. ಹೊತ್ತು ಹೇಗಿದೆ?"

ತುಂಗಮ್ಮ ಗೋಡೆ ಗಡಿಯಾರ ನೋಡಿದರು. ಆಮೇಲೆ ಮಗನ ಮುಖವನ್ನು, ತಪ್ಪು ಉತ್ತರ ಬರೆದ ಹುಡುಗನ ಸ್ಲೇಟು ನೋಡುವಂತೆ, ಒಂದು ಗಳಿಗೆ ನೋಡಿದರು.

"ರಾಹುಕಾಲ ಮುಗಿದಿದೆ ಕಣಮ್ಮ," ಅಂದರು. "ಈಗ್ಲೇ ಮಾಡು."